ಅಮ್ಮನ ನಲವತ್ತನೇ ದಿನದ ಬುತ್ತಿ

ಕಲಿವುಲುಹ್, ವೊನೊಗಿರಿ
ಆಗಸ್ಟ್ ಹದಿನಾಲ್ಕು, ಬುಧವಾರ

ಪ್ರೀತಿಯ ಮಗಳು ವೆನಿಂಗ್‌ಗೆ,

ಅಪ್ಪನ ಸಲಾಮು. ಹೇಗಿದ್ದೀಯಾ? ಪಾತ್ರೆ ತೊಳೆದು ತೊಳೆದು ಬೆರಳಿನ ಸಂದಿಯಲ್ಲಿ ಚರ್ಮ ಸುಲಿದಿದೆ ಎಂದಿದ್ದೆಯಲ್ಲ, ವಾಸಿಯಾಯಿತೇ? ನೀನು ನೋಡಿಕೊಳ್ಳುವ ಆ ಹಾಂಗ್‌ಕಾಂಗ್ ಅಜ್ಜಿ ಈಗಲೂ ಸ್ನಾನ ಮಾಡಿಸುವಾಗ ಕಚ್ಚುತ್ತಾಳೆಯೇ? ನಿನ್ನಮ್ಮ ಇದ್ದಿದ್ದರೆ, ಮೊದಲು ಹಲ್ಲುಸೆಟ್ಟು ತೆಗೆದಿಟ್ಟು ಆಮೇಲೆ ನೀರು ಹಾಕು ಎನ್ನುತ್ತಿದ್ದಳು. ನಾನು ಚೆನ್ನಾಗಿದ್ದೇನೆ. ಮಂಡಿ ಬೆಳಿಗ್ಗೆ ಹಿಡಿದುಕೊಳ್ಳುತ್ತದೆ, ಮಧ್ಯಾಹ್ನಕ್ಕೆ ಬಿಡುತ್ತದೆ. ಆಡುಗಳು ನನಗಿಂತ ಗಟ್ಟಿಯಾಗಿವೆ. ಕರಿಯ ಆಡು ಎರಡು ಮರಿ ಹಾಕಿದೆ, ಎರಡೂ ಹೆಣ್ಣು. ಸಂತೆಯಲ್ಲಿ ನನ್ನ ಜೊತೆ ವ್ಯಾಪಾರ ಮಾಡುವವರು ಈ ಮುದುಕನಿಗೆ ಹೆಂಡತಿ ಹೋದ ಮೇಲೆ ಅದೃಷ್ಟ ಕುದುರಿದೆ ಎಂದು ತಮಾಷೆ ಮಾಡಿದರು. ನಾನು ನಗಲಿಲ್ಲ.

ಫೋನ್ ಇರುವಾಗ ಅಪ್ಪ ಕಾಗದ ಯಾಕೆ ಬರೆದ ಎಂದು ಯೋಚಿಸುತ್ತಿರಬೇಕು. ಫೋನಿನಲ್ಲಿ ನೀನು ಅಳಲು ಶುರುಮಾಡಿದರೆ ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಕೆಳಗಿನ ಕೇರಿಯ ಹುಡುಗಿ ನಾಳೆ ಹಾಂಗ್‌ಕಾಂಗ್‌ಗೆ ವಾಪಸು ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮೊನ್ನೆ ಮಾತಾಡುವಾಗ ನೀನು, ಅಮ್ಮನ ನೂರನೇ ದಿನಕ್ಕೂ ಬಂದವರಿಗೆ ಬುತ್ತಿ ಕೊಡಲು ಅವಳ ಫೋಟೋ ಹಾಕಿದ ರಟ್ಟಿನ ಪೆಟ್ಟಿಗೆಗಳನ್ನೇ ಮಾಡಿಸೋಣ ಎಂದೆ. ಇನ್ನೊಂದು ಮಾತನ್ನೂ ನಗುತ್ತಾ ಹೇಳಿದೆ. ಆ ಮನೆಯವರ ರಾತ್ರಿ ಊಟದಲ್ಲಿ ಉಳಿದ ಅನ್ನವನ್ನು ಡಬ್ಬಿಗೆ ತುಂಬಿ ಕಿಟಕಿಯ ಹಿಂದೆ ಇಟ್ಟುಕೊಳ್ಳುತ್ತೀಯಂತೆ, ಬೆಳಿಗ್ಗೆ ಹುರಿದು ತಿನ್ನುತ್ತೀಯಂತೆ, ಯಜಮಾನಿ ನಿನ್ನ ಡಬ್ಬಿಯನ್ನು ಫ್ರಿಜ್‌ನಲ್ಲಿಡಲು ಬಿಡುವುದಿಲ್ಲವಂತೆ. ಅದನ್ನು ಕೇಳಿದಾಗಿನಿಂದ ನನಗೆ ತುತ್ತು ಇಳಿಯುತ್ತಿಲ್ಲ. ಆ ಅನ್ನ ತಿನ್ನಬೇಡ ಮಗಳೇ. ಯಾಕೆ ಎಂದು ಹೇಳಬೇಕಾದರೆ, ನಿನಗೆ ಹೇಳದೆ ಮುಚ್ಚಿಟ್ಟಿದ್ದನ್ನೆಲ್ಲ ಹೇಳಬೇಕು. ಮನಸ್ಸು ಗಟ್ಟಿ ಮಾಡಿಕೊಂಡು ಓದು, ನಿಂತುಕೊಂಡು ಓದಬೇಡ.

ಅಮ್ಮನ ನಲವತ್ತನೇ ದಿನ ಚೆನ್ನಾಗಿ ಆಯಿತು ಎಂದು ನಿನಗೆ ಹೇಳಿದ್ದೆ. ಆ ದಿನದ ಮಟ್ಟಿಗೆ ಅದು ಸುಳ್ಳಲ್ಲ. ಅಡುಗೆಗೆ ಕೇರಿಯ ಹೆಂಗಸರೆಲ್ಲ ಬಂದಿದ್ದರು. ಎಲ್ಲರಿಗಿಂತ ಮೊದಲು ಬಂದವಳು ನಿನ್ನ ಗೆಳತಿ ಇಸ್ತಿ. ಚಿಕ್ಕಂದಿನಲ್ಲಿ ನಿಮ್ಮಿಬ್ಬರನ್ನೂ ಒಂದೇ ಚಾಪೆಯಲ್ಲಿ ಮಲಗಿಸುತ್ತಿದ್ದ, ತಾನು ದೊಡ್ಡಮ್ಮ ಎನ್ನುತ್ತಿದ್ದ ನಿನ್ನಮ್ಮನಿಗಾಗಿ ಅನ್ನ ಬೇಯಿಸುವ ಕೆಲಸ ತನ್ನದೇ ಎಂದು ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಅವಳ ಮಗಳು ಲಾರಸ್ ನಿನ್ನ ಹಳೇ ಸ್ಕೂಲ್ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಇಡೀ ದಿನ ಆಡಿನ ಕೊಟ್ಟಿಗೆಯಲ್ಲೇ ಇದ್ದಳು. ಗಂಡಸರು ಪ್ರಾರ್ಥನೆಗೆ ಕೂರುವುದು ರಾತ್ರಿಯ ನಮಾಜಿನ ನಂತರ. ಆದರೆ ಹೆಂಗಸರು ಮನೆಗೆ ಹೋಗಿ ಸ್ನಾನ ಮಾಡಿ ಬರಬೇಕಲ್ಲ, ಹಾಗಾಗಿ ನಮ್ಮಲ್ಲಿ ಯಾವಾಗಲೂ ಅಡುಗೆ ಬೆಳಿಗ್ಗೆಯೇ ಮುಗಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಬೆಯಾಡುತ್ತಿದ್ದ ಅನ್ನವನ್ನು ನೀನು ಕಳಿಸಿದ ಪೆಟ್ಟಿಗೆಗಳಿಗೆ ತುಂಬಿ, ಕೋಳಿ, ಮೊಟ್ಟೆ, ಶಾವಿಗೆ ಇಟ್ಟು, ಮುಚ್ಚಿ, ಒಳಕೋಣೆಯಲ್ಲಿ ನನ್ನ ಎದೆಮಟ್ಟಕ್ಕೆ ಪೇರಿಸಿದರು. ಸಂಜೆ ಹೋಗಿ ಕೈಯಿಟ್ಟು ನೋಡಿದೆ. ಮರಿ ಹಾಕಿದ ಆಡಿನ ಹೊಟ್ಟೆಯ ಹಾಗೆ ಬೆಚ್ಚಗಿತ್ತು. ಜನ ಬಿಸಿ ಬುತ್ತಿಯನ್ನೇ ಮನೆಗೆ ಒಯ್ಯುತ್ತಾರೆ ಎಂದು ನನಗೆ ಸಂತೋಷವಾಯಿತು.

ಇಸ್ತಿಯ ಗಂಡ ನಾರ್ಯೋ ತನ್ನ ಬುತ್ತಿ ತೆಗೆದುಕೊಂಡು ಮನೆಗೆ ಹೋಗುವಷ್ಟರಲ್ಲಿ ಲಾರಸ್ ನಿದ್ದೆ ಹೋಗಿದ್ದಳು. ಮಗು ಬೆಳಿಗ್ಗೆ ತಿನ್ನಲಿ ಎಂದು ಹಾಗೇ ಮೇಜಿನ ಮೇಲೆ ಇಟ್ಟರು. ಪ್ರಾರ್ಥನೆ ಮುಗಿಸಿ ತಂದ ಅನ್ನವನ್ನು ನಮ್ಮ ಕಡೆ ಯಾರು ತಾನೇ ಎಸೆಯುತ್ತಾರೆ? ಬೆಳಿಗ್ಗೆ ನೋಡಿದರೆ ವಾಸನೆ ಇಲ್ಲ, ಲೋಳೆ ಇಲ್ಲ, ಅಗಳು ಅಗಳು ಬಿಡಿಯಾಗಿತ್ತು. ಇಸ್ತಿ ಈರುಳ್ಳಿ ಹಾಕಿ, ಬಾಣಲೆಯಿಂದ ಹೊಗೆ ಬರುವ ತನಕ ಹುರಿದು ಕೊಟ್ಟಳು. "ದೊಡ್ಡಮ್ಮನ ಅನ್ನ ಕಣೇ, ಒಂದು ಅಗಳೂ ಬಿಡ್ಬೇಡ" ಅಂದಳಂತೆ. ಮಗು ಬಿಡಲಿಲ್ಲ. ಸ್ಕೂಲಿಗೆ ಹೊರಡುವ ಮೊದಲೇ ವಾಂತಿ ಶುರುವಾಯಿತು. ಎರಡು ತುತ್ತು ತಿಂದಿದ್ದ ಇಸ್ತಿಗೂ ಬಂತು. ಕೇರಿಯ ಅರ್ಧ ಮನೆಗಳಲ್ಲಿ ಅದೇ ಕಥೆ. ಕೆಲವರಿಗೆ ರಾತ್ರಿಯೇ ಹೊಟ್ಟೆ ಕೆಟ್ಟಿತ್ತು. ಎಲ್ಲರೂ ಕೋಳಿಯವನನ್ನು ಬೈದರು. ಆ ಬಡಪಾಯಿ ತನ್ನ ಅಂಗಡಿಯ ಮುಂದೆ ನಿಂತು, ಉಳಿದ ಕೋಳಿಯನ್ನು ಎಲ್ಲರೆದುರು ಕೊಯ್ದು ತಾನೇ ಬೇಯಿಸಿ ತಿಂದು ತೋರಿಸಿದ. ಲಾರಸ್‌ಗೆ ಮೈಗೆ ಗಾಳಿ ಹೊಕ್ಕಿದೆ ಎಂದು ನಾಣ್ಯದಲ್ಲಿ ಬೆನ್ನು ಉಜ್ಜಿದರು, ಶುಂಠಿ ನೀರು ಕುಡಿಸಿದರು. ಸಂಜೆಗೆ ಅವಳು ಕರೆದರೆ ಓಗೊಡಲಿಲ್ಲ. ನಾರ್ಯೋ ಬೈಕಿನಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡು ಪಟ್ಟಣದ ಆಸ್ಪತ್ರೆಗೆ ಹೋದ. ಹೋಗುವಾಗಲೇ ಲಿವರ್ ಕೈಕೊಟ್ಟಿತ್ತಂತೆ. ಲಾರಸ್ ಉಳಿಯಲಿಲ್ಲ, ವೆನಿಂಗ್. ನಿನ್ನಮ್ಮನ ಪಕ್ಕದ ಸಾಲಿನಲ್ಲೇ ಅವಳನ್ನೂ ಮಲಗಿಸಿದ್ದೇವೆ. ಇಸ್ತಿ ಯಾಕೆ ಫೋನ್ ಎತ್ತುತ್ತಿಲ್ಲ ಎಂದು ನೀನು ಕೇಳಿದಾಗಲೆಲ್ಲ ಅವಳ ಫೋನ್ ಕೆಟ್ಟಿದೆ ಎಂದವನು ನಾನೇ.

ಆಮೇಲೆ ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಕೇರಿಗೆ ಬಂದಳು. ನಿನ್ನ ವಯಸ್ಸಿನವಳು. ನಮ್ಮ ಜಗಲಿಯಲ್ಲಿ ಗಂಡಸರನ್ನೆಲ್ಲ ಕೂರಿಸಿಕೊಂಡು ಯಾವಾಗ ಬೇಯಿಸಿದಿರಿ, ಯಾವಾಗ ತುಂಬಿದಿರಿ ಎಂದು ಒಂದೊಂದಾಗಿ ಕೇಳಿದಳು. ಕೋಳಿ ಅಲ್ಲ, ಅನ್ನ ಎಂದಳು. ಯಾರೂ ಒಪ್ಪಲಿಲ್ಲ. ಹುಟ್ಟಿದಾಗಿನಿಂದ ತಿಂದ ಅನ್ನ ತಾನೇ. ಅವಳು ಸಿಟ್ಟಾಗಲಿಲ್ಲ. "ಬಿಸಿ ಅನ್ನಾನ ಹಾಗೇ ಮುಚ್ಚಿ ಒಂದರ ಮೇಲೊಂದು ಪೇರಿಸಿದ್ರೆ ಅದು ಆರೋದೇ ಇಲ್ಲ, ರಾತ್ರಿವರೆಗೂ ಬೆಚ್ಚಗೇ ಇರತ್ತೆ. ಬೇಯಿಸಿದ್ರೂ ಸಾಯದ ಕ್ರಿಮಿ ಅಕ್ಕೀಲಿ ಇರತ್ತೆ, ಆ ಬೆಚ್ಚಗಿನ ಅನ್ನದಲ್ಲಿ ಹೆಚ್ಕೊಂಡು ವಿಷ ಬಿಡತ್ತೆ. ಹುರಿದ್ರೆ ಕ್ರಿಮಿ ಸಾಯಬಹುದು, ವಿಷ ಹಾಗೇ ಇರತ್ತೆ" ಎಂದಳು. ಮೂಲೆಯಲ್ಲಿದ್ದ ನಾರ್ಯೋ, "ಇನ್ನೂ ಸ್ವಲ್ಪ ಹೊತ್ತು ಹುರಿದಿದ್ರೆ?" ಎಂದು ಕೇಳಿದ. "ಎಷ್ಟು ಹುರಿದ್ರೂ ಅಷ್ಟೇ ಅಣ್ಣ" ಎಂದಳು. ಅವನು ಮತ್ತೆ ಅದನ್ನೇ ಕೇಳಿದ. ಅವಳು ಮತ್ತೆ ಅದನ್ನೇ ಹೇಳಿದಳು. ಮೂರನೇ ಸಲ ಕೇಳಿದಾಗ ಅವಳು ಅವನ ಕೈ ಹಿಡಿದುಕೊಂಡಳು. ಆ ಅನ್ನ ತಿಂದಿದ್ದರೆ ನನಗೂ ಏನಾದರೂ ಆಗುತ್ತಿತ್ತು, ಜಗಲಿಯಲ್ಲಿ ತಲೆಯೆತ್ತಿ ಕೂರಬಹುದಿತ್ತು. ಅವತ್ತು ನನಗೆ ಊಟ ಸೇರಿರಲಿಲ್ಲ.

ಅನ್ನ ಉಳಿದರೆ ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಬೇಕಂತೆ, ಒಂದು ಗಂಟೆಯೊಳಗೆ ಫ್ರಿಜ್ ಸೇರಬೇಕಂತೆ, ಮಾರನೇ ದಿನಕ್ಕಿಂತ ಮುಂದೆ ಇಡಬಾರದಂತೆ, ಒಂದೇ ಒಂದು ಸಲ ಒಳಗೆಲ್ಲ ಹಬೆ ಬರುವಂತೆ ಬಿಸಿ ಮಾಡಿ ತಿನ್ನಬೇಕಂತೆ. ಹೊರಗೇ ಕೂತ ಅನ್ನವನ್ನು ಬೆಂಕಿಯೂ ಸರಿಮಾಡುವುದಿಲ್ಲ, ಮೂಗು ನಾಲಿಗೆ ಹೇಳುವುದನ್ನು ನಂಬುವ ಹಾಗೂ ಇಲ್ಲ. ಫ್ರಿಜ್ ಬಾಗಿಲು ತೆಗೆಯಲು ಬಿಡದ ಮನೆಯಲ್ಲಿ ಆ ಅನ್ನ ನಿನ್ನದಲ್ಲ ಮಗಳೇ, ಕಸಕ್ಕೆ ಹಾಕು. ಪಾಪ ಬಂದರೆ ನನ್ನ ತಲೆಗೆ ಬರಲಿ. ಬೆಳಿಗ್ಗೆ ಬ್ರೆಡ್ ತಿನ್ನು. ಅಷ್ಟಕ್ಕೂ ದುಡ್ಡಿಲ್ಲದಿದ್ದರೆ ಇಲ್ಲಿಗೆ ಕಳಿಸುವುದರಲ್ಲಿ ಕಡಿಮೆ ಮಾಡು, ಆಡು ಮಾರಿ ನಾನು ಬದುಕುತ್ತೇನೆ.

ಈಗ ಪೆಟ್ಟಿಗೆಯ ವಿಷಯ. ಊರಿನಲ್ಲಿ ಮಾತು ಎದ್ದಿದೆ, ಯಾವಾಗಲಾದರೂ ನಿನ್ನ ಕಿವಿಗೂ ಬೀಳುತ್ತದೆ. ಬಿದಿರಿನ ಬುಟ್ಟಿಯಾಗಿದ್ದರೆ ಗಾಳಿಯಾಡುತ್ತಿತ್ತು, ವಿದೇಶದ ದುಡ್ಡಿನ ರಟ್ಟಿನ ಪೆಟ್ಟಿಗೆ ಮಗುವನ್ನು ಕೊಂದಿತು ಎನ್ನುತ್ತಾರೆ. ನಾನು ಆಸ್ಪತ್ರೆಗೆ ಹೋಗಿ ಅದೊಂದನ್ನೇ ಕೇಳಿ ಬಂದೆ. ಹಾಗೆ ಬಿಸಿಬಿಸಿಯಾಗಿ ಪೇರಿಸಿದ್ದರೆ ಬಿದಿರಿನದ್ದಾದರೂ ಇದೇ ಆಗಬಹುದಿತ್ತು ಎಂದಳು ಡಾಕ್ಟರಮ್ಮ. ಪೆಟ್ಟಿಗೆ ಕಳಿಸಿದವಳು ನೀನು, ಅನ್ನ ತುಂಬಿದವರು ನಾವು. ಇದನ್ನು ಎರಡು ಸಲ ಓದು. ಉಳಿದ ಪೆಟ್ಟಿಗೆಗಳು ಅಟ್ಟದಲ್ಲಿವೆ. ಬಳಸುವ ಹಾಗಿಲ್ಲ, ನಿನ್ನಮ್ಮನ ಮುಖ ಇರುವುದರಿಂದ ಸುಡುವ ಹಾಗೂ ಇಲ್ಲ. ಹಾಗಾಗಿ ಹೊಸದು ಮಾಡಿಸಬೇಡ. ಲಾರಸ್‌ಗಾಗಿ ಏಳು ರಾತ್ರಿ ಪ್ರಾರ್ಥನೆ ನಡೆದಾಗ ನಾನು ಏಳೂ ರಾತ್ರಿ ಹೋಗಿ ಬಾಗಿಲ ಬಳಿ ಕೂತೆ. ಯಾರೂ ಎದ್ದು ಹೋಗು ಎನ್ನಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಅಲ್ಲಿ ಬರೀ ಟೀ ಮತ್ತು ಬೇಯಿಸಿದ ಕಡಲೆಕಾಯಿ. ಅಂದಿನಿಂದ ಯಾವ ಮನೆಯಲ್ಲೂ ಅನ್ನದ ಬುತ್ತಿ ಕೊಟ್ಟಿಲ್ಲ. ನೂರನೇ ದಿನಕ್ಕೆ ಹಸಿ ಅಕ್ಕಿ, ಹಸಿ ಮೊಟ್ಟೆ ಕಟ್ಟಿ ಕೊಡೋಣ ಎಂದುಕೊಂಡಿದ್ದೇನೆ. ಸಾವಿನ ಮನೆಯೋ ರೇಷನ್ ಅಂಗಡಿಯೋ ಎಂದು ನಿನ್ನಮ್ಮ ಬೈಯುತ್ತಿದ್ದಳು. ಬೈಯಲಿ. ಜನ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ನಾನೊಬ್ಬನೇ ಪ್ರಾರ್ಥನೆ ಓದುತ್ತೇನೆ.

ಊಟ ಬಿಡಬೇಡ, ನಿದ್ದೆಗೆಡಬೇಡ. ಆ ಅಜ್ಜಿಗೆ ನನ್ನ ಸಲಾಮು ಹೇಳು. ಅಲ್ಲಾಹನು ನಿನ್ನನ್ನು ಪರದೇಶದಲ್ಲಿ ಕಾಪಾಡಲಿ, ನಾನು ನೋಡಲಾಗದ ಕಡೆ ನಿನ್ನನ್ನು ನೋಡಿಕೊಳ್ಳಲಿ.

ನಿನ್ನ ಅಪ್ಪ,
ಸಾರ್ಜುನಿ

ತಾ.ಕ.: ಲಕೋಟೆ ಅಂಟಿಸುವಾಗ ಇಸ್ತಿ ಬಂದಳು, ಈಗಷ್ಟೇ ಹೋದಳು. ವೆನಿಂಗ್‌ಗೆ ಬರೆಯುತ್ತಿದ್ದೀರಾ ಎಂದು ಕೇಳಿದಳು. ಹೂಂ ಎಂದೆ. "ಲಾರಸ್‌ಗೆ ಜ್ವರ ಬಂದು ಹೋಯ್ತು ಅಂತ ಬರೀರಿ ದೊಡ್ಡಪ್ಪ. ಪೆಟ್ಟಿಗೆ ತಾನು ಕಳ್ಸಿದ್ದು ಅಂತ ಅವಳು ಅಲ್ಲಿ ಒಬ್ಳೇ ಕೂತು ಕೊರಗ್ತಾಳೆ. ಕೊರಗೋಕೆ ನಾನೊಬ್ಳು ಸಾಕು" ಅಂದಳು. ಆಗಲಿ ಎಂದೆ. ಕಾಗದ ಹರಿಯೋಣ ಎನ್ನಿಸಿತು, ಆದರೆ ನೀನು ನಾಳೆಯೂ ಆ ಅನ್ನ ತಿನ್ನುತ್ತೀಯಲ್ಲ. ಭಾನುವಾರ ಅವಳೇ ನಿನಗೆ ಫೋನ್ ಮಾಡುತ್ತಾಳಂತೆ. ಜ್ವರ ಎನ್ನುತ್ತಾಳೆ. ಎಷ್ಟು ದಿನ ಇತ್ತು ಎಂದು ಕೇಳು, ಏನು ಔಷಧಿ ಕೊಟ್ಟರು ಎಂದು ಕೇಳು. ಅವಳು ಏನು ಹೇಳಿದರೂ ನಂಬು.