ಪುಣೆಯ ಮೇಲೆ ಹೋಗುವ ರೈಲು

ರಾಣೆಬೆನ್ನೂರು
೧೮ ನವೆಂಬರ್ ೨೦೨೪

ಪ್ರೀತಿಯ ಆನಂದ,

ಅವ್ವನ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ಚಳಿ ಬಿದ್ದರೆ ಮನೆಯಲ್ಲಿ ಮೊದಲು ನಿನಗೇ ಕೆಮ್ಮು ಹತ್ತುತ್ತಿತ್ತು, ಈಗ ಹೇಗಿದೆಯೋ. ನಿನ್ನ ಫೋನ್ ನಂಬರ್ ಬದಲಾಗಿದೆ. ಪುಣೆಯ ಹಳೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಮೊದಲು ಹಾಕಿದ ಪತ್ರಗಳು ನಿನಗೆ ಮುಟ್ಟಿದವೋ ಇಲ್ಲವೋ ತಿಳಿಯದು, ಅದಕ್ಕೇ ಮತ್ತೆ ಬರೆಯಬೇಕಾಗಿದೆ. ದಸರೆ ಮುಗಿದ ವಾರ ಅಪ್ಪ ಹೋಗಿಬಿಟ್ಟರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಎರೆಭೂತ ಹಕ್ಕಿಯನ್ನು ನೋಡಬೇಕೆಂಬುದು ಅವರ ಆಸೆ. ಚಿಕ್ಕವರಿದ್ದಾಗ ನಮ್ಮೂರಿನ ಕೃಷ್ಣಮೃಗದ ಕಾಡಿನಲ್ಲೇ ಅದನ್ನು ಕಂಡಿದ್ದರಂತೆ. ಅದು ಇಲ್ಲಿ ಇಲ್ಲವಾದ ಮೇಲೆ ಪ್ರತಿ ಚಳಿಗಾಲವೂ ನಿನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಯಾವ ರೈಲು, ಎಲ್ಲಿ ಇಳಿಯುವುದು, ಮುಂದೆ ಯಾವ ಬಸ್ಸು ಎಂದು ದಾರಿ ಹುಡುಕುತ್ತಿದ್ದರು. ಏನೋ ಒಂದು ನೆವ ಬಂದು ಪ್ರಯಾಣ ನಿಂತೇ ಹೋಗುತ್ತಿತ್ತು. “ಅಪ್ಪಾ, ನೀವು ನಕಾಶೆದಾಗಷ್ಟ ಊರಿಗೆ ಹೋಗೋರು” ಎಂದು ನೀನು ಒಬ್ಬನೇ ಹೋಗಿ ಹಕ್ಕಿ ನೋಡಿ ಬಂದೆ. ಅಲ್ಲಿಗೆ ನಿಮ್ಮಿಬ್ಬರ ಮಾತು ನಿಂತಿತು, ನೀನು ಊರಿಗೆ ಬರುವುದೂ ನಿಂತಿತು.

ಹತ್ತನೆಯ ದಿನ ಗಳಗನಾಥದ ಹೊಳೆಯ ದಂಡೆಯಲ್ಲಿ ಕಾಗೆ ಪಿಂಡ ಮುಟ್ಟಲಿಲ್ಲ. ಹೋದವರ ಆಸೆ ಉಳಿದಿದೆ, ನಡೆಸುತ್ತೇವೆಂದು ಮಾತು ಕೊಡಿರಿ ಎಂದು ಆಚಾರ್ಯರು ಹೇಳಿದರು. ನೀನಿರಲಿಲ್ಲವಲ್ಲ, ಕ್ರಿಯೆಗೆ ಕೂತವರು ಅಣ್ಣಾಜಿ ಕಾಕಾ. “ವೈನೀನ್ನ ಛೊಲೊ ನೋಡ್ಕೋತೇನಿ” ಎಂದು ನನ್ನ ಹೊಣೆ ಹೊತ್ತರು. ಮನೆ ಮಾರುವುದಿಲ್ಲ ಎಂದರು. ಕಾಗೆಗಳು ಮರ ಬಿಟ್ಟು ಇಳಿಯಲಿಲ್ಲ. ಬಿಸಿಲೇರಿತು. ಕಡೆಗೆ ಕಾಕಾ ಬೇಸತ್ತು, “ಅಣ್ಣಾ, ನಿನ್ನ ಹೆಸರಲೆ ವೈನಿ ಹೋಗಿ ಆ ಎರೆಭೂತ ನೋಡಿ ಬರ್ತಾರ, ಇನ್ನರೆ ಉಣ್ಣು” ಎಂದರು. ಒಂದು ಕಾಗೆ ಇಳಿದು ಬಂದು ಮುಟ್ಟಿತು.

ಈಗ ಅವರೇ “ಕಾಗಿಗೆ ಹಸಿವಾಗಿತ್ತು ವೈನಿ, ಅದಕ್ಕ ನೀವ್ಯಾಕ ರಾಜಸ್ಥಾನದ ತನಕ ಹೋಗ್ತೀರಿ” ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಬ್ಯಾಡಗಿಯಿಂದ ಜೋಧಪುರಕ್ಕೆ ಮೆಣಸಿನಕಾಯಿ ಲಾರಿ ಹೊಡೆಯುವ ಶಾಬುದ್ದೀನನನ್ನು ದಾರಿ ಕೇಳಿದೆ. “ಮುಂಬೈ ಮ್ಯಾಲೆ ಹೋಗ್ರಿ ಬಾಯಾರ, ಆರಾಮ ಆಕ್ಕೈತಿ. ಜೈಸಲ್ಮೇರಿಂದ ಮುಂದ ಜೀಪ ಮಾಡಬೇಕಾಕ್ಕೈತಿ, ಒಬ್ಬರ ಹೋಗಬ್ಯಾಡ್ರಿ” ಎಂದ. ಆದರೂ ಪುಣೆಯ ಮೇಲೆ ಜೋಧಪುರಕ್ಕೆ ಹೋಗುವ ರೈಲಿಗೇ ಟಿಕೆಟ್ ತೆಗೆಸಿದ್ದೇನೆ. ಡಿಸೆಂಬರ್ ಒಂಬತ್ತಕ್ಕೆ ಇಲ್ಲಿ ಹತ್ತುತ್ತೇನೆ, ಮರುದಿನ ಪುಣೆ. ಇನ್ನೊಂದು ಟಿಕೆಟ್ ನಿನ್ನ ಹೆಸರಿನಲ್ಲಿದೆ. ಎಸ್-ನಾಲ್ಕು ಬೋಗಿಯ ಬಾಗಿಲಲ್ಲೇ ನಿಂತಿರುತ್ತೇನೆ. ನನಗೆ ಹಿಂದಿ ಬಾರದು, ಆ ದಾರಿ ಕಂಡವನು ನೀನೊಬ್ಬನೇ. ಬಾರಪ್ಪಾ.

ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು. ರಾಯರು ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಗೋದೂಬಾಯಿ

ತಾ.ಕ.: ಇದನ್ನು ಕಾಕಾನಿಗೂ ಹೇಳಿಲ್ಲ. ಅವರು ಹಕ್ಕಿಯ ಮಾತು ಆಡುತ್ತಿದ್ದಾಗಲೇ ನಾನು ಮನಸ್ಸಿನಲ್ಲಿ, ಆನಂದನನ್ನು ಮನೆಗೆ ಕರೆದು ತರುತ್ತೇನೆ ಎಂದು ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೆ. ಕಾಗೆ ಯಾವ ಮಾತಿಗೆ ಇಳಿಯಿತೋ ನನಗೆ ತಿಳಿಯದು. ನೀನು ಪುಣೆಯಲ್ಲಿ ಹತ್ತದಿದ್ದರೆ ನಾನು ಅಲ್ಲೇ ಇಳಿದು ನಿನ್ನನ್ನು ಹುಡುಕುತ್ತೇನೆ. ಹಕ್ಕಿ ಆಮೇಲೆ.