ಬಾಯಿ ತೆರೆಯದ ಗಡಿಗೆ

ಫೆಬ್ರವರಿ ಮೂವತ್ತು, ೨೧೭೧
ಕನ್ನಡಿಹೊಲ, ಕೊಪ್ಪಳ ಸೀಮೆ

ನೀಲಗಂಗಜ್ಜಿಗೆ ಶರಣು.

ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಅನ್ನಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳಿಗೆ ಹೆಸರಿಲ್ಲ. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಕಾಗದ ಕೈಸೇರುವಾಗ ನಿನಗೆ ಮೂವತ್ತೂ ತುಂಬಿರುವುದಿಲ್ಲ, ನನಗೆ ಎಪ್ಪತ್ತೆರಡು. ಬೈದರೆ ಹಿರಿಯಳು ಬೈದಳೆಂದು ತಿಳಿ. ಇದು ಬರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ಇಲ್ಲಿ ಬಿಸಿಲೇರಿದ ಮೇಲೆ ಯಾರೂ ಹೊರಗೆ ಇರುವುದಿಲ್ಲ. ನಸುಕಿನಿಂದ ಎಂಟರವರೆಗೆ ದುಡಿಮೆ. ಅದನ್ನು ನೆರಳುಪಾಳಿ ಎನ್ನುತ್ತೇವೆ. ನಾನು ಸಣ್ಣವಳಿದ್ದಾಗ ಅಪ್ಪ, ಅವ್ವ ಇಬ್ಬರೂ ಕನ್ನಡಿಹೊಲದಲ್ಲಿ, ಅಂದರೆ ಬಿಸಿಲಿನಿಂದ ಕರೆಂಟು ತೆಗೆಯುವ ಹಲಗೆಗಳ ಬಯಲಲ್ಲಿ, ಧೂಳು ಒರೆಸುತ್ತಿದ್ದರು. ಆಮೇಲೆ ನೆಲದಡಿಯ ತಂಪುಕೋಣೆಗೆ ಇಳಿದು, ರೊಟ್ಟಿ ಬಡಿದು, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ ಮಲಗುವುದು. ಒಲೆಯ ಪಕ್ಕದಲ್ಲಿ ನಿನ್ನ ಗಡಿಗೆ. ನಿನ್ನ ಗಂಡನ ಗಿರಣಿಗೆ ಬೀಗ ಬಿದ್ದ ವಾರ, ನಿನಗಿನ್ನೂ ಬರಲಿರುವ ವಾರ, ನೀನು ಹೂಡಿದ ಪದ್ಧತಿಯನ್ನು ಯಾವ ತಲೆಮಾರೂ ಬಿಡಲಿಲ್ಲ. ಹಿಟ್ಟಿಗೆ ಜೋಳ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಗಡಿಗೆಗೆ ಹಾಕಿ "ಕಷ್ಟಕ್ಕಿರಲಿ" ಎನ್ನುವುದು. ಯುಗಾದಿ ಬಂದರೆ ಹಳೆಯದನ್ನು ದನಕ್ಕೆ ಹಾಕಿ, ಬೇವಿನೆಲೆ ಬೆರೆಸಿ ಹೊಸದು ತುಂಬುವುದು. ದನ ತಿಂದವು, ನಾವು ತಿನ್ನಲಿಲ್ಲ.

ನನಗೆ ಹನ್ನೊಂದಾದಾಗ ಒರೆಸುವ ಯಂತ್ರ ಬಂತು. ಇಬ್ಬರ ಕೆಲಸವೂ ಒಂದೇ ದಿನ ಹೋಯಿತು. ಮೊದಲು ಎರಡು ಹೊತ್ತು ಉಂಡೆವು, ಆಮೇಲೆ ಒಂದು, ಆಮೇಲೆ ಬರೀ ಅಂಬಲಿ. ಗಡಿಗೆ ಬಿಚ್ಚೋಣವೇ ಎಂದು ಅಪ್ಪ ಕೇಳಿದರೆ, ಇಷ್ಟಕ್ಕೇ ತೆಗೆದರೆ ನಿಜವಾದ ಕಷ್ಟಕ್ಕೆ ಏನು ಗತಿ, ಹಿರಿಯರು ಇದಕ್ಕಿಂತ ದೊಡ್ಡದು ಕಂಡವರು ಎನ್ನುತ್ತಿದ್ದಳು ಅವ್ವ. ನೆರೆಯವರು ವಿಚಾರಿಸಿದರೆ ನಡೀತೈತಿ ಎನ್ನುತ್ತಿದ್ದಳು. ಅವಳನ್ನು ಕಲ್ಲೆದೆಯವಳು ಎನ್ನಬೇಡ. ತನ್ನ ಪಾಲಿನ ಅಂಬಲಿಯನ್ನೂ ನಮಗೇ ಬಗ್ಗಿಸುತ್ತಿದ್ದಳು.

ನನ್ನ ತಂಗಿ ಚಿಗರಿಗೆ ಆರು ವರ್ಷ. ಜಿಂಕೆಯಂತೆ ಜಿಗಿದು ಜಿಗಿದು ಓಡುತ್ತಾಳೆಂದು ಆ ಹೆಸರು. ಆ ತಿಂಗಳು ಗೋಡೆ ಹಿಡಿದು ನಡೆಯುತ್ತಿದ್ದಳು. ಅವ್ವ ಕೆಲಸ ಹುಡುಕಲು ಹೋಗಿದ್ದ ಒಂದು ಮುಂಜಾನೆ ಚಿಗರಿ ಗಡಿಗೆಯ ಬಾಯಿಬಟ್ಟೆ ಬಿಚ್ಚುತ್ತಿದ್ದಳು. ನಾನು ಕೈಗೆ ಹೊಡೆದೆ. ಹೌದು ಅಜ್ಜಿ, ನಾನೇ. ಕಷ್ಟಕ್ಕಿರಲಿ ಎಂದು ಗದರಿದೆ. ಅಳಲಿಲ್ಲ. ಕೈ ಉಜ್ಜಿಕೊಳ್ಳುತ್ತ ಕೇಳಿದಳು:

"ಅಕ್ಕಾ, ಕಷ್ಟ ಹ್ಯಾಂಗಿರ್ತೈತಿ? ಬಂದ್ರ ನಮಗ ಗೊತ್ತಾಗ್ತೈತೇನು?"

ಸುಮ್ಮನೆ ಮಲಗು ಅಂದೆ. ಆ ವಾರವೇ ಜ್ವರ ಬಂತು. ಜ್ವರ ದೊಡ್ಡದಲ್ಲ, ತಡೆಯುವ ಕಸುವು ಮೈಯಲ್ಲಿಲ್ಲ ಎಂದರು ಡಾಕ್ಟರು. ನಾಲ್ಕನೆಯ ದಿನ ಹೋಗಿಬಿಟ್ಟಳು.

ಗಡಿಗೆ ತೆಗೆದದ್ದು ಆಮೇಲೆ. ಅವಳ ದಿನಕರ್ಮಕ್ಕೆ ಬಂದ ಬಂಧುಗಳಿಗೆ ಉಣ್ಣಿಸಬೇಕಲ್ಲ. ಬರಿಹೊಟ್ಟೆಯಲ್ಲಿ ಕಳಿಸಿದರೆ ಮನೆತನದ ಮಾನ ಏನಾಗಬೇಕು. ಜೋಳ ಬೆಳ್ಳಗೆ, ಹುಳು ಮುಟ್ಟದೆ, ಗಡಿಗೆಯ ಕಂಠದವರೆಗೂ ಇತ್ತು. ಅವ್ವ ರೊಟ್ಟಿ ಬಡಿದಳು. ನನ್ನ ತಾಟಿಗೂ ಒಂದು ಬಿತ್ತು. ಹಸಿದಿದ್ದೆ, ತಿಂದೆ. ಅರವತ್ತೊಂದು ವರ್ಷವಾಯಿತು, ಆ ರೊಟ್ಟಿ ಇನ್ನೂ ಮರೆತಿಲ್ಲ. ರುಚಿಯಾಗಿತ್ತು ಅಜ್ಜಿ. ಅದನ್ನೇ ನನಗೆ ಸಹಿಸಲಾಗುವುದಿಲ್ಲ.

ನಿನ್ನನ್ನು ದೂರುತ್ತಿಲ್ಲ. ಕೂಡಿಡು, ಖಂಡಿತ ಕೂಡಿಡು. ಕೆಟ್ಟ ದಿನ ಹೇಳಿ ಕೇಳಿ ಬರುವುದಿಲ್ಲ. ಆದರೆ ಮೊದಲ ಹಿಡಿ ಹಾಕುವಾಗಲೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಷ್ಟ ಹೇಗಿರುತ್ತದೆಂದು ಹೇಳು. ಮನೆಯ ಮಗು ಎರಡನೆಯ ತುತ್ತು ಕೇಳಿ ಇಲ್ಲವೆನಿಸಿಕೊಂಡರೆ ಅದೇ ಕಷ್ಟ, ಇನ್ನೊಂದಕ್ಕೆ ಕಾಯಬೇಡ ಎನ್ನು. ನೀನೇ ಒಮ್ಮೆ ಗಡಿಗೆ ಬಿಚ್ಚಿ, ಅವಳ ಕಣ್ಣೆದುರಿಗೆ ರೊಟ್ಟಿ ಬಡಿದು ಉಣ್ಣಿಸು. ತುಂಬುವುದನ್ನು ಮಾತ್ರ ನೋಡಿದವರಿಗೆ ತೆಗೆಯುವುದು ಬರುವುದಿಲ್ಲ.

ನೀನು ಹಾಗೆ ಮಾಡಿದರೆ ನನಗೆ ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ. ಚಿಗರಿಗೆ ಈಗ ಅರವತ್ತೇಳಾಗಿರುತ್ತದೆ, ಯಾವುದೋ ಸಣ್ಣ ಮಾತಿಗೆ ನನ್ನ ಕೂಡ ಜಗಳ ತೆಗೆಯುತ್ತಿರುತ್ತಾಳೆ. ಬರೆದು ಮುಗಿಸಿ ಬಾಗಿಲ ಕಡೆ ನೋಡಿದೆ. ಇನ್ನೂ ಯಾರೂ ಬಂದಿಲ್ಲ. ಬೇಗ ಓದು ಅಜ್ಜಿ.

ನಿನ್ನ ಮೊಮ್ಮಗಳ ಮೊಮ್ಮಗಳು,
ಹೊನ್ನವ್ವ