ಕಾಲಿಗೊಂದು ಏಕಾದಶಿ

ಬಸವನಗುಡಿ,
ಗುರುವಾರ, 14 ನವೆಂಬರ್ 2024

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಕೆಮ್ಮು ನಿಂತಿತೆ? ಮೈಸೂರಿನಲ್ಲಿ ಆಗಲೇ ಚಳಿ ಶುರುವಂತೆ, ಬೆಳಿಗ್ಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೀರಿ ತಾನೆ? ಬಿಂದು ಅತ್ತಿಗೆಗೆ ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯೋ, ಇಲ್ಲ ಪಾಪು ಇನ್ನೂ ರಾತ್ರಿಯನ್ನೇ ಹಗಲು ಮಾಡಿಕೊಂಡಿದ್ದಾಳೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ತುಳಸಿಗೆ ದಿನಾ ನೀರು ಹಾಕುತ್ತಿದ್ದೇನೆ. ನಾನು ಮಾಡಿದ ಸಾರನ್ನು ವಂಶಿ "ಅಮ್ಮನ ಸಾರಿನ ದೂರದ ಸಂಬಂಧಿ ಇದ್ದ ಹಾಗಿದೆ" ಎಂದರು. ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ಅತ್ತಿಗೆ ಸ್ಪೀಕರ್ ಹಾಕಿಬಿಡುತ್ತಾರೆ, ಇಲ್ಲಿ ಮಾವ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಅದಕ್ಕೇ ಭಾನುವಾರ ವಂಶಿ ಬರುವಾಗ ಪುಳಿಯೋಗರೆ ಗೊಜ್ಜಿನ ಡಬ್ಬಿಯ ಜೊತೆ ಈ ಕಾಗದ. ಹತ್ತನೇ ಕ್ಲಾಸಿನ ನಂತರ ನಾನು ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಮನೆಯಲ್ಲೇ ನಿವೃತ್ತ ಮೇಷ್ಟ್ರಿದ್ದರೂ ತಿದ್ದಿಸಿಕೊಳ್ಳುವ ಹಾಗಿಲ್ಲ, ಏಕೆಂದರೆ ವಿಷಯವೇ ಅವರದ್ದು.

ಎರಡು ತಿಂಗಳ ಹಿಂದೆ ಅತ್ತಿಗೆಯ ಬಾಣಂತನಕ್ಕೆಂದು ಮೈಸೂರಿಗೆ ಹೊರಡುವಾಗ ನೀವು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ನಿಮ್ ಮಾವಂಗೆ ಪೆರುಮಾಳ್ ಮೇಲೆ ಅದೇನ್ ಕೋಪಾನೋ, ನೀನಾದ್ರೂ ಕೇಳಿ ನೋಡಮ್ಮ" ಎಂದಿರಿ. ನಮ್ಮ ಮದುವೆಯಾದ ಮೇಲೆ ಅವರು ನಿಮ್ಮ ಜೊತೆ ಶನಿವಾರ ದೇವಸ್ಥಾನಕ್ಕೆ ಬರುವುದನ್ನೇ ಬಿಟ್ಟಿದ್ದರು. ಒಂದು ವಾರ ಬಿಸಿಲು, ಒಂದು ವಾರ ಮಳೆ, ಒಂದು ವಾರ ಟ್ರಾಫಿಕ್. ದೇವಸ್ಥಾನವೋ ಎರಡು ಬೀದಿ ಆಚೆ. ಇಷ್ಟು ವರ್ಷ ಜೊತೆಯಾಗಿ ಹೋದ ನೀವು ಒಬ್ಬರೇ ಹೂವಿನ ಬುಟ್ಟಿ ಹಿಡಿದು ಹೊರಡುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ ಅತ್ತೆ. ನನ್ನ ಕಾಲ್ಗುಣವೇ ಏನೋ ಎಂದೂ ಒಂದು ದಿನ ಹೆದರಿದ್ದೆ. ಈಗ ಉತ್ತರ ಸಿಕ್ಕಿದೆ. ಸಿಕ್ಕಿದ ದಾರಿ ಮಾತ್ರ ವಿಚಿತ್ರ.

ನೀವು ಹೋದ ವಾರವೇ ನಾನು ಗಾಂಧಿ ಬಜಾರಿನ ಹತ್ತಿರದ ಒಂದು ಜಿಮ್ಮಿಗೆ ಸೇರಿದೆ. ಹೇಳಿಕೊಡುವವಳು ಮಾವಳ್ಳಿಯ ಕುಸುಮಾ, ನನಗಿಂತ ಚಿಕ್ಕವಳು, ಬಾಯಿ ಬಿಟ್ಟರೆ ಪಟಾಕಿ. ಮೊದಲ ದಿನ ಭುಜದ ಮೇಲೆ ಸಣ್ಣ ತೂಕ ಇಟ್ಟುಕೊಂಡು ಕೂತು ಏಳುವ ವ್ಯಾಯಾಮ. ಇಷ್ಟೇನಾ ಎನ್ನಿಸಿ ನೆಗೆಯುತ್ತಾ ಮನೆಗೆ ಬಂದೆ. ಮಾರನೆಯ ದಿನ ತೊಡೆ ಸ್ವಲ್ಪ ಬಿಗಿ. ಅದರ ಮಾರನೆಯ ದಿನ ಮಹಡಿ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಹತ್ತುವಾಗ ಪರವಾಗಿಲ್ಲ, ಇಳಿಯುವಾಗಲೇ ಜೀವ ಹೋಗುತ್ತದೆ. ಪೆಟ್ಟಾಗಿದ್ದರೆ ಆ ಹೊತ್ತೇ ನೋಯಬೇಕಲ್ಲ, ಎರಡು ದಿನ ಕಾದು ಬರುವ ನೋವು ಎಂಥದ್ದು? ಹೀಗೆ ಯೋಚಿಸುತ್ತಾ ನಿಂತಿರುವಾಗಲೇ ಮಲ್ಲೇಶ್ವರದಿಂದ ಚೂಡಾಮಣಿ ದೊಡ್ಡಮ್ಮ, ದೊಡ್ಡಪ್ಪ ಬಂದರು.

ನಮ್ಮ ತವರಿನಲ್ಲಿ ಹಿರಿಯರಿಗೆ ಒಂದು ಸಲ ನಮಸ್ಕಾರ ಮಾಡಿದರೆ ಮುಗಿಯಿತು. ಈ ಮನೆಯಲ್ಲಿ ನಾಲ್ಕು ಸಲ ನೆಲಕ್ಕೆ ಬಗ್ಗಿ ಸೇವಿಸಬೇಕು ಎನ್ನುವುದು ಮದುವೆಯಾದ ಮೇಲೆ ಕಲಿತದ್ದು. ಮಂಡಿಯೂರಿ, ಹಣೆ ಮುಟ್ಟಿಸಿ, ಎದ್ದು ನಿಂತು, ಮತ್ತೆ ಮೊದಲಿನಿಂದ. ಎರಡನೆಯದಕ್ಕೆ ತೊಡೆ ನಡುಗಿತು. ಮೂರನೆಯದಕ್ಕೆ ಹಣೆ ನೆಲಕ್ಕಿಟ್ಟವಳು ಅಲ್ಲೇ ಉಳಿದೆ. ತಲೆಯ ಮೇಲೆ ದೊಡ್ಡಮ್ಮನ ದನಿ ಕೇಳಿಸುತ್ತಿತ್ತು. "ನೋಡ್ರೀ, ಕಾನ್ವೆಂಟ್‌ನಲ್ಲಿ ಓದಿದ್ರೂ ಎಂಥಾ ಭಕ್ತಿ ಹುಡುಗಿಗೆ. ಏಳಕ್ಕೇ ಮನಸ್ಸಿಲ್ಲ." ಆಮೇಲೆ ನಿಮಗೂ ಫೋನ್ ಮಾಡಿ ಹೊಗಳಿದರಂತೆ. ಅತ್ತೆ, ಅದು ಭಕ್ತಿಯಲ್ಲ, ತೊಡೆ. ದಯವಿಟ್ಟು ಅವರಿಗೆ ಹೇಳಬೇಡಿ, ಮೆಚ್ಚಿ ಒಂದು ಸೀರೆ ಕೊಟ್ಟುಹೋಗಿದ್ದಾರೆ.

ನಿಜ ಗೊತ್ತಾದದ್ದು ಮಾವನಿಗೆ ಮಾತ್ರ. ದೊಡ್ಡಮ್ಮ, ದೊಡ್ಡಪ್ಪ ಹೋದ ಮೇಲೆ ಅಡುಗೆಮನೆ ಬಾಗಿಲಿಗೆ ಬಂದು, "ಏಳಕ್ಕಾಗ್ಲಿಲ್ಲ ಅಲ್ವಾ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. "ನಂಗೂ ಹಾಗೇ ಆಯ್ತಮ್ಮ, ಪೆರುಮಾಳ್ ಎದುರಿಗೇನೇ." ನಮ್ಮ ಮದುವೆಯಾದ ವಾರ ಎಲ್ಲರೂ ದೇವಸ್ಥಾನಕ್ಕೆ ಹೋಗಿದ್ದೆವಲ್ಲ, ಅಂದು ಅವರು ಉದ್ದಕ್ಕೆ ಬಿದ್ದು ಸೇವಿಸಿದವರು ಏಳಲಾಗದೆ ಹೋದರಂತೆ. ಯಾರೋ ಇಬ್ಬರು ಹುಡುಗರು ತೋಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರಂತೆ. ನಾನು, ನೀವು ಆಗ ಆಚೆ ತಾಯಾರ್ ಸನ್ನಿಧಿಯಲ್ಲಿ ಅಮ್ಮನವರ ಮುಂದಿದ್ದೆವು. "ಪಂಚೆ ಜಾರ್ತಾ ಇತ್ತು. ಬೀಗರೆಲ್ಲ ನೋಡ್ತಾ ನಿಂತಿದ್ರು" ಎಂದು ಹೇಳಿ ನೀರಿನ ಲೋಟ ತೊಳೆದು ಮಗುಚಿಟ್ಟರು. ಕೋಪವಲ್ಲ ಅತ್ತೆ. ದೇವರ ಮುಂದೆ ನಿಂತು ಬರೀ ಕೈಮುಗಿದು ಬರುವುದು ಅವರಿಂದಾಗದು, ಬಿದ್ದರೆ ಏಳಲಾಗದು. ಅದಕ್ಕೇ ಟ್ರಾಫಿಕ್.

ನನ್ನ ನೋವು ಇನ್ನೆರಡು ದಿನಕ್ಕೆ ತಾನಾಗಿ ಹೋಯಿತು. ನಾನು ಮೆಟ್ಟಿಲು ಇಳಿದು ಬರುವುದನ್ನೇ ನೋಡುತ್ತಿದ್ದ ಮಾವ, "ಎಲ್ಲಿಗ್ ಹೋಯ್ತದು?" ಎಂದು ಮೇಷ್ಟ್ರ ದನಿಯಲ್ಲಿ ಕೇಳಿದರು. ಕುಸುಮಾಳನ್ನೇ ಮನೆಗೆ ಕರೆಸಿದೆ. ರೂಢಿಯಿಲ್ಲದ ಕೆಲಸ ಕೊಟ್ಟರೆ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯವಾಗುತ್ತದಂತೆ. ವಿಶ್ರಾಂತಿಯಲ್ಲಿ ಮೈ ಅದನ್ನು ರಿಪೇರಿ ಮಾಡುತ್ತಾ ಮೊದಲಿಗಿಂತ ಗಟ್ಟಿಯಾಗುತ್ತದಂತೆ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅದಕ್ಕೇ ಆ ಕೆಲಸದಿಂದಲೇ ನೋವು ಜಾಸ್ತಿ. ಮಾವ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ನೋಡಿಕೊಂಡರು. ಡಾಕ್ಟರಿಗೂ ತೋರಿಸಿದೆವು. ಮಂಡಿ ಚೆನ್ನಾಗಿದೆ, ತೊಡೆಯಲ್ಲಿ ಶಕ್ತಿ ಇಲ್ಲ, ಮೆಲ್ಲಗೆ ಮಾಡಲಿ ಎಂದರು. ಕೈ ಊರದೆ ಊಟದ ಕುರ್ಚಿಯಿಂದ ಏಳುವುದರಿಂದ ಶುರು. ಆಮೇಲೆ ಗಿಡ್ಡ ಸ್ಟೂಲು. ಈಗ ನೀವು ಕೂತು ಹೂ ಕಟ್ಟುವ ಮಣೆ. ತೂಕಕ್ಕೆ ಉಪ್ಪಿನಕಾಯಿ ಭರಣಿ ಎತ್ತುತ್ತಾರೆ. ಖಾಲಿಯದ್ದು, ಆಣೆಗೂ ಖಾಲಿಯದ್ದು.

ಆದರೆ ಒಂದು ತಪ್ಪು ಮಾಡಿದರು. ಒಂದು ದಿನವೂ ಬಿಡುವು ಕೊಡಲಿಲ್ಲ. "ಸಂಧ್ಯಾವಂದನೆಗೆ ರಜಾ ಉಂಟೇನಮ್ಮ?" ಎಂದು ನನ್ನನ್ನೇ ಕೇಳಿದರು. ನೋವು ಇಳಿಯುವ ಮೊದಲೇ ಮತ್ತೆ, ಮತ್ತೆ. ಕೊನೆಗೆ ಹಾಲಿನ ಪ್ಯಾಕೆಟ್ ತರಲೂ ಗೋಡೆ ಹಿಡಿದು ಹೋಗುವಂತಾಗಿ, "ಬಿಡಮ್ಮ, ಇದು ನನ್ನ ಕೈಲಾಗೋದಲ್ಲ" ಎಂದು ಮಣೆಯನ್ನು ಒಳಗಿಟ್ಟುಬಿಟ್ಟರು. ಕುಸುಮಾ, "ಅಂಕಲ್, ಮಾಡ್ದಾಗ ಬೆಳೆಯಲ್ಲ, ಬಿಟ್ಟಾಗ ಬೆಳೆಯೋದು" ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಏನು ತೋಚಿತೋ, "ಮಾವ, ಹೊಟ್ಟೆಗೆ ಏಕಾದಶಿ ಇದೆ, ಕಾಲಿಗೆ ಬೇಡ್ವಾ?" ಎಂದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಸರಿ" ಎಂದರು. ಈಗ ಒಂದು ದಿನ ವ್ಯಾಯಾಮ, ಮಾರನೆಯ ದಿನ ಕಾಲಿಗೆ ಏಕಾದಶಿ. ಅಂದು ವಿ.ವಿ. ಪುರಂನ ತಿಂಡಿ ಬೀದಿಯವರೆಗೆ ಮೆಲ್ಲಗೆ ನಡೆದು ಬರುವುದಷ್ಟೇ. ಆ ಉಪವಾಸದ ದಿನ ಅಪ್ಪ ಮಗ ಅಲ್ಲಿ ಏನೇನು ತಿನ್ನುತ್ತಾರೆ ಎಂದು ನಾನು ಬರೆಯುವುದಿಲ್ಲ. ಮರುದಿನದ ಹೆಸರುಬೇಳೆ ಕೋಸಂಬರಿಗೆ ಪಾರಣೆ ಎಂದು ಹೆಸರಿಟ್ಟಿದ್ದಾರೆ.

ಮೊನ್ನೆ ಬೆಳಿಗ್ಗೆ ಕಾಫಿ ತಂದವಳು ದೇವರಮನೆಯ ಮುಂದೆ ನಿಂತುಬಿಟ್ಟೆ. ಮಾವ ನೆಲದ ಮೇಲಿದ್ದರು, ಉದ್ದಕ್ಕೆ. ತಮ್ಮ ಮಂಡಿಯ ಮೇಲೆ ತಾವೇ ಕೈಯೂರಿ ಎದ್ದರು. ಮತ್ತೆ ಬಿದ್ದರು, ಮತ್ತೆ ಎದ್ದರು. ನಾಲ್ಕೂ ಆಯಿತು. ಉಸಿರು ಸುಧಾರಿಸಿಕೊಂಡು ಕಾಫಿ ಕುಡಿದು, "ಸಕ್ಕರೆ ಕಮ್ಮಿ" ಎಂದರು. ನನಗೆ ಅಳು ಬಂತು ಅತ್ತೆ. ಲೋಟ ಹಿಂದಕ್ಕೆ ಕೊಡುವಾಗ, "ನಿಮ್ಮತ್ತೆ ಬಂದ ಶನಿವಾರ ಹೋಗೋಣ. ಈಗ್ಲೇ ಏನೂ ಹೇಳ್ಬೇಡ ಅವಳಿಗೆ" ಎಂದರು. ನೋಡಿ, ಎಲ್ಲವನ್ನೂ ಹೇಳಿಬಿಟ್ಟೆ. ಯಾಕೆ ಎಂಬುದನ್ನು ಕೆಳಗೆ ಬರೆಯುತ್ತೇನೆ, ವಂಶಿ ಆಗಲೇ ಬ್ಯಾಗಿನ ಜಿಪ್ಪು ಎಳೆಯಲು ಅವಸರ ಮಾಡುತ್ತಿದ್ದಾರೆ, ಹೊರಡಲು ಇನ್ನೂ ಮೂರು ದಿನವಿದ್ದರೂ.

ಪಾಪುವಿನ ಅಂಗಾಲಿಗೆ ನನ್ನದೊಂದು ಮುತ್ತು, ಅತ್ತಿಗೆಗೆ ನೆನಪುಗಳು. ನಿಮಗೆ ನನ್ನ ನಾಲ್ಕು ನಮಸ್ಕಾರಗಳು, ಈಗ ನಾಲ್ಕೂ ಸಲೀಸು.

ನಿಮ್ಮ ಸೊಸೆ,
ಪ್ರಿಯಂವದಾ

ತಾ.ಕ.: ನೀವು ಬಂದ ಶನಿವಾರ ಮಾವ ಸನ್ನಿಧಿಯಲ್ಲಿ ಬಿದ್ದು ಏಳುವಾಗ ನಡುವೆ ಸ್ವಲ್ಪ ಹೊತ್ತು ಮಂಡಿಯ ಮೇಲೇ ನಿಲ್ಲುತ್ತಾರೆ. ಆಗಲಿಲ್ಲವೇನೋ ಎನ್ನಿಸುವಷ್ಟು ಹೊತ್ತು. ಅಭ್ಯಾಸಬಲದಿಂದ ನಿಮ್ಮ ಕೈ ಮುಂದೆ ಹೋಗುತ್ತದೆ ಅತ್ತೆ, ನನಗೆ ಗೊತ್ತು. ಕೈ ಕೊಡಬೇಡಿ. ನಾನು ನಿಮ್ಮ ಪಕ್ಕದಲ್ಲೇ ಇರುತ್ತೇನೆ, ನನ್ನ ಕೈ ಹಿಡಿದುಕೊಳ್ಳಿ.